ಸಣ್ಣ ಕಾರಿಗೆ ಹೆಚ್ಚು ಶಕ್ತಿ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ?

ಸಿಡ್ನಿ/ಮೆಲ್ಬರ್ನ್: ಗಲ್ಫ್‌ನಲ್ಲಿ ದೊಡ್ಡ ಗಾಡಿ ಓಡಿಸಿ ಅಭ್ಯಾಸವಾದ ಕನ್ನಡಿಗರು ಆಸ್ಟ್ರೇಲಿಯಾಕ್ಕೆ ಹೋದ ಮೇಲೆ ಎಷ್ಟೋ ಸಲ ಸೆಕೆಂಡ್ ಹ್ಯಾಂಡ್ ಸಣ್ಣ ಕಾರಿನಿಂದಲೇ ಶುರು ಮಾಡುತ್ತಾರೆ. ಊರಲ್ಲಿ ಪರಿಚಯವಿದ್ದ ಸ್ವಿಫ್ಟ್ ಅಲ್ಲೂ ಸಿಗುತ್ತದೆ. ಆದರೆ ನಾಲ್ಕು ಜನ ಕೂತು ಸಿಡ್ನಿಯಿಂದ ಬ್ಲೂ ಮೌಂಟನ್ಸ್‌ಗೋ, ಮೆಲ್ಬರ್ನ್‌ನಿಂದ ಡ್ಯಾಂಡೆನಾಂಗ್ ಬೆಟ್ಟಕ್ಕೋ ಹೊರಟರೆ, ಶಿರಾಡಿ ಘಾಟಿ ಹತ್ತುವಾಗಿನಂತೆ ಗಾಡಿ ಏದುಸಿರು ಬಿಡುತ್ತದೆ. ಆಗ ಮನೆಯ ಹುಡುಗರು 'ಎಕ್ಸಾಸ್ಟ್ ಹಾಕಿಸೋಣ, ರೀಮ್ಯಾಪ್ ಮಾಡಿಸೋಣ' ಅಂತ ಹಟ ಹಿಡಿಯುತ್ತಾರೆ. ಒಪ್ಪುವ ಮೊದಲು ಲೆಕ್ಕ ಹಾಕುವುದು ಒಳ್ಳೆಯದು.

ಮೊದಲು ಕಳೆದುಹೋದ ಶಕ್ತಿ

ಹಳೇ ಸ್ಪಾರ್ಕ್ ಪ್ಲಗ್, ಧೂಳು ತುಂಬಿದ ಏರ್ ಫಿಲ್ಟರ್, ಗಾಳಿ ಕಡಿಮೆಯಾದ ಟೈರು, ಡಿಕ್ಕಿಯಲ್ಲಿ ಸುಮ್ಮನೆ ಬಿದ್ದಿರುವ ಸಾಮಾನು ಇವೆಲ್ಲ ಎಳೆತ ಕಡಿಮೆ ಮಾಡುತ್ತವೆ. ಒಂದು ಸರಿಯಾದ ಸರ್ವಿಸ್‌ನಷ್ಟು ಅಗ್ಗದ ಅಪ್‌ಗ್ರೇಡ್ ಬೇರೆ ಇಲ್ಲ. 91 ಆಕ್ಟೇನ್‌ಗೆ ತಯಾರಾದ ಎಂಜಿನ್‌ಗೆ 98 ಹಾಕಿದರೆ ಸಿಗುವ ಲಾಭ ಮಾತ್ರ ಹೆಚ್ಚುಕಡಿಮೆ ಸೊನ್ನೆ.

ಟರ್ಬೊ ಇದೆಯೇ?

ಟರ್ಬೊ ಇಲ್ಲದ ಎಂಜಿನ್ ತಾನು ಎಳೆದುಕೊಳ್ಳುವಷ್ಟೇ ಗಾಳಿಯಲ್ಲಿ ಕೆಲಸ ಮಾಡಬೇಕು. ಇಂಟೇಕ್, ಎಕ್ಸಾಸ್ಟ್ ಬದಲಿಸಿದರೆ ಸದ್ದು ಜೋರಾಗುತ್ತದೆ, ಶಕ್ತಿ ಕೆಲವೇ ಕಿಲೋವ್ಯಾಟ್ ಏರುತ್ತದೆ. ಸದ್ದು ಮಿತಿ ಮೀರಿದರೆ ದಂಡ ಬೇರೆ. ಟರ್ಬೊ ಇರುವ ಎಂಜಿನ್‌ನಲ್ಲಿ ಗಾಳಿಯ ಒತ್ತಡವನ್ನು ಕಂಪ್ಯೂಟರ್ ನಿಯಂತ್ರಿಸುವುದರಿಂದ ರೀಮ್ಯಾಪ್‌ಗೆ ಕೊಟ್ಟ ದುಡ್ಡಿಗೆ ಫಲ ಕಾಣುತ್ತದೆ. ಆದರೆ ಕ್ಲಚ್ ಅಥವಾ ಸಿವಿಟಿ ಗೇರ್‌ಬಾಕ್ಸ್ ಆ ಭಾರ ತಡೆಯಬೇಕಲ್ಲ! ವಾರಂಟಿ ಇದ್ದರೆ ಅದಕ್ಕೂ ತೊಂದರೆ.

ಕಿಲೋವ್ಯಾಟ್‌ಗೆ ಎಷ್ಟು ಡಾಲರ್?

ಉದಾಹರಣೆಗೆ, ಟರ್ಬೊ ಇಲ್ಲದ ಕಾರಿಗೆ 1,500 ಡಾಲರ್ ಸುರಿದು 4 ಕಿಲೋವ್ಯಾಟ್ ಬಂತು ಅಂತಿಟ್ಟುಕೊಳ್ಳಿ: ಒಂದಕ್ಕೆ 375 ಡಾಲರ್. ಆಸ್ಟ್ರೇಲಿಯಾದಲ್ಲಿ ಮಾರಾಟವಾದ 1.2 ಲೀಟರ್ ಸ್ವಿಫ್ಟ್‌ನ ಶಕ್ತಿ 66 ಕಿಲೋವ್ಯಾಟ್, 1.4 ಟರ್ಬೊ ಸ್ವಿಫ್ಟ್ ಸ್ಪೋರ್ಟ್‌ನದು 103. ಹಳೇ ಕಾರು ಮಾರಿ, ಮೇಲೆ 7,400 ಡಾಲರ್ ಹಾಕಿ ಸ್ಪೋರ್ಟ್ ಕೊಂಡರೂ ಒಂದು ಕಿಲೋವ್ಯಾಟ್‌ಗೆ ಬೀಳುವುದು 200 ಡಾಲರ್. ಬ್ರೇಕು, ಸಸ್ಪೆನ್ಷನ್ ಕೂಡ ಆ ಶಕ್ತಿಗೆ ತಕ್ಕಂತೆ ಕಂಪನಿಯಿಂದಲೇ ಬಂದಿರುತ್ತದೆ. ಮುಂದೆ ಮಾರುವಾಗ ಸ್ವಲ್ಪ ದುಡ್ಡು ವಾಪಸ್ ಬರುತ್ತದೆ. ಎಕ್ಸಾಸ್ಟ್‌ಗೆ ಹಾಕಿದ್ದು ಬರುವುದು ಕಷ್ಟ.

ಮಕ್ಕಳ ಪಿ ಪ್ಲೇಟ್ ಮರೆಯಬೇಡಿ

ಅದೇ ಕಾರನ್ನು ಪಿ ಪ್ಲೇಟ್ ಇರುವ ಮಗನೋ ಮಗಳೋ ಓಡಿಸುವುದಾದರೆ ಲೆಕ್ಕವೇ ಬೇರೆ. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ಎರಡರಲ್ಲೂ ಟನ್‌ಗೆ 130 ಕಿಲೋವ್ಯಾಟ್ ಮೀರಿದ ಕಾರು ಅವರಿಗೆ ನಿಷಿದ್ಧ. 970 ಕಿಲೋ ತೂಗುವ ಮ್ಯಾನುವಲ್ ಸ್ವಿಫ್ಟ್ ಸ್ಪೋರ್ಟ್‌ನ ಅನುಪಾತ ಸುಮಾರು 106, ಹಾಗಾಗಿ ತೊಂದರೆ ಇಲ್ಲ. ಆದರೆ ಶಕ್ತಿ ಹೆಚ್ಚಿಸಲು ಎಂಜಿನ್ ಮಾರ್ಪಡಿಸಿದ ಕಾರು ವಿಕ್ಟೋರಿಯಾದಲ್ಲಿ ಅನುಪಾತ ಎಷ್ಟೇ ಇದ್ದರೂ ಅವರಿಗೆ ನಿಷಿದ್ಧ. ನ್ಯೂ ಸೌತ್ ವೇಲ್ಸ್‌ನಲ್ಲಿ ಪ್ರಮಾಣಪತ್ರ ಬೇಕಾಗುವಂಥ ಎಂಜಿನ್ ಮಾರ್ಪಾಡಿಗೂ ಇದೇ ನಿಯಮ. ಅಲ್ಲಿ ಸಿಕ್ಕಿಬಿದ್ದರೆ ದಂಡದ ಜೊತೆ 7 ಡಿಮೆರಿಟ್ ಪಾಯಿಂಟ್. ಕೆಂಪು ಪಿ ಪ್ಲೇಟ್‌ನವರ ಮಿತಿಯೇ 4. ಅಂದರೆ ಲೈಸೆನ್ಸ್‌ಗೇ ಕುತ್ತು.

ಇನ್ಶೂರೆನ್ಸ್‌ಗೆ ಹೇಳಿಯೇ ಮಾಡಿ

ನ್ಯೂ ಸೌತ್ ವೇಲ್ಸ್‌ನ ಗ್ರೀನ್ ಸ್ಲಿಪ್ ಆಗಲಿ, ವಿಕ್ಟೋರಿಯಾದ ಟಿಎಸಿ ಆಗಲಿ ಜನರ ಗಾಯಕ್ಕೆ ಮಾತ್ರ. ಗಾಡಿಗಳ ನಷ್ಟಕ್ಕೆ ಬೇರೆ ಪಾಲಿಸಿ ಬೇಕು. ಮಾರ್ಪಾಡು ಮುಚ್ಚಿಟ್ಟರೆ ಕ್ಲೇಮ್ ಕಡಿತವಾಗಬಹುದು, ತಿರಸ್ಕಾರವೂ ಆಗಬಹುದು. ಎದುರಿನ ದುಬಾರಿ ಕಾರಿನ ರಿಪೇರಿ ಬಿಲ್ ಮನೆಗೆ ಬಂದರೆ ವರ್ಷಗಟ್ಟಲೆ ಮಾಡಿದ ಉಳಿತಾಯ ಕರಗಿಹೋದೀತು. ಮೊದಲು ಕಂಪನಿಗೆ ತಿಳಿಸಿ, ಲಿಖಿತ ಒಪ್ಪಿಗೆ ಪಡೆಯಿರಿ. ಹೊಸದಾಗಿ ಟರ್ಬೊ ಕೂರಿಸುವುದು, ದೊಡ್ಡ ಎಂಜಿನ್ ಇಳಿಸುವುದು ಇಂಥ ಕೆಲಸಕ್ಕೆ ಮಾನ್ಯತೆ ಪಡೆದ ಪರಿಶೀಲಕರ ಪ್ರಮಾಣಪತ್ರವೂ ಬೇಕು.

ಹಾಗಾಗಿ ಮೊದಲು ಸರ್ವಿಸ್ ಮಾಡಿಸಿ ನೋಡಿ. ಟರ್ಬೊ ಇದ್ದು, ಪಿ ಪ್ಲೇಟ್‌ನವರು ಓಡಿಸುವುದಿಲ್ಲವಾದರೆ ರೀಮ್ಯಾಪ್ ಯೋಚಿಸಬಹುದು. ಟರ್ಬೊ ಇಲ್ಲವೆಂದರೆ ಆ ದುಡ್ಡನ್ನು ಮುಂದಿನ ಕಾರಿಗೆ ಕೂಡಿಡುವುದೇ ಜಾಣತನ.