ಹೂವು ಮಲ್ಲಿಗೆ, ಹೆಸರು ಮಲ್ಲಿಕಾ: ಸಸ್ಯಮೂಲದ ಒಂದು ಅಂಕಿತನಾಮ ಮತ್ತು ಕನ್ನಡದ ಅಂತ್ಯಸ್ವರ

1. ಪ್ರಶ್ನೆಯ ಸ್ವರೂಪ

ಮೈಸೂರು, ಉಡುಪಿ, ಹಡಗಲಿ ಈ ಮೂರು ಊರುಗಳ ಹೆಸರಿನೊಡನೆ ಮಲ್ಲಿಗೆಯ ಹೆಸರು ಬೆಸೆದುಕೊಂಡಿದೆ. ಕೆ.ಎಸ್. ನರಸಿಂಹಸ್ವಾಮಿಯವರ 1942ರ ಕವನಸಂಕಲನದ ಮೂಲಕ 'ಮೈಸೂರ ಮಲ್ಲಿಗೆ' ಎಂಬ ಪದಪುಂಜ ಮನೆಮಾತಾಗಿದೆ. ಇಷ್ಟು ಪ್ರಿಯವಾದ ಪದವನ್ನು ಕನ್ನಡಿಗರು ತಮ್ಮ ಹೆಣ್ಣುಮಕ್ಕಳಿಗೆ ಹೆಸರಾಗಿ ಇಡುವುದು ತೀರ ವಿರಳ. ಅವರು ಇಡುವ ಹೆಸರು 'ಮಲ್ಲಿಕಾ'. ಹೂವಿಗೆ ತದ್ಭವ, ಮಗುವಿಗೆ ತತ್ಸಮ ಎಂಬ ಈ ಹಂಚಿಕೆಗೆ ಸಾಮಾನ್ಯವಾಗಿ ಕೊಡುವ ವಿವರಣೆ ಸಂಸ್ಕೃತೀಕರಣ, ಇಲ್ಲವೇ ಹಿಂದಿ ಚಿತ್ರಗಳ ಪ್ರಭಾವ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಸಂಸ್ಕೃತ ರೂಪವು ಹೆಸರಿನಲ್ಲಿ ಮಾತ್ರ ನಿಂತು, ಅದೇ ಪದದ ಸಾಮಾನ್ಯನಾಮದಲ್ಲಿ ಏಕೆ ನಿಲ್ಲಲಿಲ್ಲ ಎಂಬುದನ್ನು ಅವು ಹೇಳುವುದಿಲ್ಲ. ಈ ಹಂಚಿಕೆಯ ಹಿಂದೆ ಕನ್ನಡದ್ದೇ ಆದ ವ್ಯಾಕರಣದ ಕಾರಣವೊಂದಿದೆ ಎಂಬುದನ್ನು 'ಮಲ್ಲಿಕಾ' ಎಂಬ ಒಂದು ಹೆಸರಿನ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪದಮೂಲ

ಅಮರಕೋಶದ ವನೌಷಧಿವರ್ಗದಲ್ಲಿ 'ಮಲ್ಲಿಕಾ' ಪದವು ಭೂಪದೀ, ಶೀತಭೀರು ಎಂಬ ಪರ್ಯಾಯಗಳೊಡನೆ ಬಂದಿದೆ. 'ಶೀತಭೀರು' ಎಂದರೆ ಚಳಿಗೆ ಅಂಜುವುದು. ಬೇಸಗೆಯಲ್ಲಿ ಹೇರಳವಾಗಿ ಬಿಡುವ ಹೂವಿಗೆ ಒಪ್ಪುವ ಹೆಸರು. ಸಂಸ್ಕೃತದ 'ಮಲ್ಲಿಕಾ' ಕನ್ನಡದಲ್ಲಿ 'ಮಲ್ಲಿಗೆ' ಆಗಿರುವುದು ನಿಯತವಾದ ಎರಡು ಬದಲಾವಣೆಗಳಿಂದ. ಸ್ವರಗಳ ನಡುವಿನ ಕಕಾರ ಗಕಾರವಾಗುತ್ತದೆ. ಪದಾಂತ್ಯದ ಆಕಾರ ಎಕಾರವಾಗುತ್ತದೆ. ಘಟಿಕಾ > ಗಳಿಗೆ, ಇಷ್ಟಿಕಾ > ಇಟ್ಟಿಗೆ, ಸೇವಂತಿಕಾ > ಸೇವಂತಿಗೆ ಇವು ಇದೇ ಜಾಡಿನವು. ಆಕಾರಾಂತ ಸಂಸ್ಕೃತ ಶಬ್ದಗಳು ಕನ್ನಡದಲ್ಲಿ ಎಕಾರಾಂತವಾಗುವುದನ್ನು ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಗುರುತಿಸಿದ್ದಾನೆ.

ಇದರ ಪಕ್ಕದಲ್ಲಿ ದ್ರಾವಿಡದ ಇನ್ನೊಂದು ಪದವೂ ಇದೆ: ತಮಿಳಿನ 'ಮುಲ್ಲೈ', ಮಲಯಾಳದ 'ಮುಲ್ಲ', ಕನ್ನಡದ 'ಮೊಲ್ಲೆ', ತೆಲುಗಿನ 'ಮೊಲ್ಲ'. ಮೊದಲ ಅಕ್ಷರದ ಉ-ಒ ಪರ್ಯಾಯವು ಈ ಭಾಷೆಗಳ ನಡುವೆ ನಿಯತವಾಗಿ ಕಾಣುವಂಥದು. 'ಮಲ್ಲ್-' ಮತ್ತು 'ಮುಲ್ಲ್-/ಮೊಲ್ಲ್-' ನಡುವೆ ಅಂಥ ನಿಯತ ಸಂವಾದವಿಲ್ಲ; ಆದ್ದರಿಂದ ಇವನ್ನು ಬೇರೆ ಬೇರೆಯಾಗಿಯೇ ಇಟ್ಟು ನೋಡಬೇಕು. ಹದಿನಾರನೆಯ ಶತಮಾನದ ತೆಲುಗು ರಾಮಾಯಣದ ಕವಯಿತ್ರಿ ಮೊಲ್ಲಳ ಹೆಸರು ಈ ದ್ರಾವಿಡ ಪದವೇ. ತೆಲುಗಿನಲ್ಲಿ ಹೂವಿನ ದೇಶ್ಯ ಹೆಸರು ವ್ಯಕ್ತಿನಾಮವಾಗಿರುವಾಗ ಕನ್ನಡದ ಎಕಾರಾಂತ 'ಮೊಲ್ಲೆ' ಹಾಗಾಗಲಿಲ್ಲ ಎಂಬುದು ಮುಂದಿನ ಚರ್ಚೆಗೆ ಪೂರಕವಾದ ಅಂಶ.

ಉರ್ದುವಿನ 'ಮಲಿಕಾ' (ರಾಣಿ) ಅರಬೀ ಮೂಲದ ಪದ. ಹಿಂದಿಯಲ್ಲಿ ಇದನ್ನು ಲಕಾರದ ದ್ವಿತ್ವದೊಡನೆ ಬರೆಯುವ ರೂಢಿಯೂ ಇರುವುದರಿಂದ ಎರಡು ಹೆಸರುಗಳು ಒಂದೇ ಆಗಿ ಕಾಣುತ್ತವೆ. ಇವು ಸಮರೂಪಿಗಳು, ಸಜಾತಿಗಳಲ್ಲ.

3. ಹೆಸರಿನ ಎರಡು ಧಾರೆಗಳು

ಸಸ್ಯನಾಮವನ್ನು ಹೆಣ್ಣಿಗೆ ಇಡುವುದು ಭಾರತದಲ್ಲಿ ಹಳೆಯ ಪದ್ಧತಿ. ಬೌದ್ಧ ಸಾಹಿತ್ಯದಲ್ಲಿ ಕೋಸಲದ ಪಸೇನದಿ ರಾಜನ ಮಡದಿ ಮಲ್ಲಿಕಾ. ಆಕೆ ಹೂಮಾಲೆಗಾರನೊಬ್ಬನ ಮಗಳು. ಭವಭೂತಿಯ ಮಾಲತೀಮಾಧವದಲ್ಲಿ ನಾಯಕಿ ಮಾಲತಿಯದೂ ಸಖಿ ಲವಂಗಿಕೆಯದೂ ಸಸ್ಯಮೂಲದ ಹೆಸರುಗಳೇ.

ಕರ್ನಾಟಕದಲ್ಲಿ ಈ ಪದವು ಜನರ ಹೆಸರಿಗೆ ಬಂದದ್ದು ಮುಖ್ಯವಾಗಿ ದೇವರ ಹೆಸರಿನ ದಾರಿಯಿಂದ. ಶ್ರೀಶೈಲದ ಮಲ್ಲಿಕಾರ್ಜುನನ ಹೆಸರಿನಲ್ಲಿ ಪೂರ್ವಪದ ಮಲ್ಲಿಗೆಯಾದರೆ, ಉತ್ತರಪದ 'ಅರ್ಜುನ'ವನ್ನು ಮತ್ತಿಮರವೆಂದು ಗ್ರಹಿಸುವ ಪರಂಪರೆಯೂ ಇದೆ; ತಮಿಳುನಾಡಿನ ತಿರುವಿಡೈಮರುದೂರಿನ ಮಧ್ಯಾರ್ಜುನ ಕ್ಷೇತ್ರದ ಹೆಸರು ಆ ಮರದಿಂದಲೇ ಬಂದದ್ದು. ಅಕ್ಕಮಹಾದೇವಿಯ ಅಂಕಿತ ಚೆನ್ನಮಲ್ಲಿಕಾರ್ಜುನ. ಈ ಹೆಸರಿನ ಮೊಟಕುರೂಪವಾದ 'ಮಲ್ಲ'ಕ್ಕೆ ಬಂಧುವಾಚಕಗಳು ಸೇರಿ ಮಲ್ಲಪ್ಪ, ಮಲ್ಲಯ್ಯ, ಮಲ್ಲಮ್ಮ, ಮಲ್ಲವ್ವ ಎಂಬ ಹೆಸರುಗಳಾದವು. ಹೇಮರೆಡ್ಡಿ ಮಲ್ಲಮ್ಮ ಶ್ರೀಶೈಲದ ದೈವದ ಭಕ್ತೆ. ಈ ಧಾರೆಯಲ್ಲಿ ಸಸ್ಯಾರ್ಥ ಮರೆಯಾಗಿದೆ. 'ಮಲ್ಲಮ್ಮ' ಎಂದಾಗ ಕೇಳುಗರಿಗೆ ದೇವರೋ ಹಿರಿಯಜ್ಜಿಯೋ ನೆನಪಾಗಬಹುದು, ಜಟ್ಟಿ ಎಂಬ ಅರ್ಥದ 'ಮಲ್ಲ'ವೂ ಹೊಳೆಯಬಹುದು, ಹೂವು ಹೊಳೆಯುವುದಿಲ್ಲ.

ಎರಡನೆಯ ಧಾರೆ ಇತ್ತೀಚಿನದು: ಬಂಧುವಾಚಕವಿಲ್ಲದ, ದೈವದ ಮಧ್ಯಸ್ಥಿಕೆಯಿಲ್ಲದ, ಸಸ್ಯಾರ್ಥ ಪಾರದರ್ಶಕವಾಗಿರುವ 'ಮಲ್ಲಿಕಾ'. ಇದು ಕರ್ನಾಟಕಕ್ಕೆ ಸೀಮಿತವಲ್ಲ. ನೃತ್ಯಕಲಾವಿದೆ ಮಲ್ಲಿಕಾ ಸಾರಾಭಾಯಿ ಅವರ ತಾಯಿ ಮೃಣಾಲಿನಿ. ತಾಯಿಯ ಹೆಸರು ತಾವರೆಯದು, ಮಗಳದು ಮಲ್ಲಿಗೆಯದು. ಲತಾ, ಮಾಲತಿ, ಸರೋಜಾ, ಪದ್ಮಾ ಮುಂತಾದವುಗಳ ಜೊತೆಗೆ ಅಖಿಲ ಭಾರತೀಯವೆನ್ನಿಸುವ ಒಂದು ಹೆಸರಿನ ಗುಂಪಿಗೆ ಇದು ಸೇರುತ್ತದೆ. ಮಲ್ಲಿಕಾ ಎಂಬ ಹೆಸರು ಜನಪ್ರಿಯವಾಗಲು ಈ ವ್ಯಾಪ್ತಿಯೂ ಒಂದು ಕಾರಣ. ಆದರೆ ಕನ್ನಡದೊಳಗೆ ಅದು ನೆಲೆಗೊಂಡ ಬಗೆಯನ್ನು ಕನ್ನಡದ ವ್ಯವಸ್ಥೆಯಲ್ಲಿಯೇ ಹುಡುಕಬೇಕು.

4. ಎಕಾರಾಂತ ವಸ್ತು, ಆಕಾರಾಂತ ವ್ಯಕ್ತಿ

ಇಂದಿನ ಕನ್ನಡದ ಈ ಜೋಡಿಗಳನ್ನು ಗಮನಿಸಬಹುದು: ಲತೆ–ಲತಾ, ಮಾಲೆ–ಮಾಲಾ, ಕವಿತೆ–ಕವಿತಾ, ಕಲ್ಪನೆ–ಕಲ್ಪನಾ, ಭಾವನೆ–ಭಾವನಾ, ರಚನೆ–ರಚನಾ, ಪ್ರತಿಮೆ–ಪ್ರತಿಮಾ, ಪೂಜೆ–ಪೂಜಾ, ವಿದ್ಯೆ–ವಿದ್ಯಾ. ಪ್ರತಿ ಜೋಡಿಯಲ್ಲಿಯೂ ಮೊದಲನೆಯದು ಸಾಮಾನ್ಯನಾಮ, ಎರಡನೆಯದು ಹೆಣ್ಣಿನ ಅಂಕಿತನಾಮ. 'ಕವಿತೆ ಬರೆದಳು' ಎಂಬಲ್ಲಿ ಕವಿತೆ ಕರ್ಮ. 'ಕವಿತಾ ಬರೆದಳು' ಎಂಬಲ್ಲಿ ಕವಿತಾ ಕರ್ತೃ. ಒಂದೇ ಸಂಸ್ಕೃತ ಪದದ ಎರಡು ರೂಪಗಳನ್ನು ಕನ್ನಡವು ಎರಡು ಕೆಲಸಗಳಿಗೆ ಹಂಚಿದೆ. 'ಮಲ್ಲಿಗೆ–ಮಲ್ಲಿಕಾ' ಈ ಸಾಲಿನ ಇನ್ನೊಂದು ಜೋಡಿ. ವ್ಯಂಜನದಲ್ಲಿಯೂ ಭೇದವಿರುವುದಷ್ಟೇ ವಿಶೇಷ.

ಹಳಗನ್ನಡದಲ್ಲಿ ಈ ಹಂಚಿಕೆ ಇರಲಿಲ್ಲ. ಕೇಶಿರಾಜನು ಗುರುತಿಸಿದ ಬದಲಾವಣೆ ವ್ಯಕ್ತಿನಾಮಗಳಲ್ಲಿಯೂ ಆಗುತ್ತಿತ್ತು: ಸೀತೆ, ಸುಭದ್ರೆ, ಅಹಲ್ಯೆ. ರನ್ನನ ಆಶ್ರಯದಾತೆ ಅತ್ತಿಮಬ್ಬೆಯ ಹೆಸರಿನಲ್ಲಿರುವ 'ಅಬ್ಬೆ'ಯಂಥ ದೇಶ್ಯ ಪದವೂ ಎಕಾರಾಂತವೇ. ಎಂದರೆ ಹೆಣ್ಣಿನ ಹೆಸರು ಎಕಾರದಲ್ಲಿ ಕೊನೆಗೊಳ್ಳುವುದಕ್ಕೆ ಧ್ವನಿವ್ಯವಸ್ಥೆಯ ಅಡ್ಡಿಯೇನೂ ಇರಲಿಲ್ಲ. ಇಂದಿಗೂ 'ಸೀತೆ' ಗ್ರಾಂಥಿಕ ಬಳಕೆಯಲ್ಲಿ ಉಳಿದಿದೆ. ಅಲ್ಲಿ ಗೊಂದಲಕ್ಕೆ ಕಾರಣವಾಗುವ ಸಾಮಾನ್ಯನಾಮ ಬಳಕೆಯಲ್ಲಿಲ್ಲ. ಸಾಮಾನ್ಯನಾಮ ಜೀವಂತವಾಗಿರುವ ಕಡೆ ಭೇದವು ಬಿಗಿಯಾಗಿದೆ.

ಆಕಾರವು ನಾಮಗಳಿಗೆ ಮಾತ್ರ ಮೀಸಲೆಂದು ಹೇಳುವಂತಿಲ್ಲ. ಲತಾಮಂಟಪ, ಕಲ್ಪನಾಶಕ್ತಿ ಮುಂತಾದ ಸಮಾಸಗಳ ಪೂರ್ವಪದದಲ್ಲಿ ಅದು ಉಳಿಯುತ್ತದೆ. 'ಮಲ್ಲಿಕಾಮಾಲೆ' ಎಂಬ ವೃತ್ತದ ಹೆಸರಿನಲ್ಲಿ ಪೂರ್ವಪದ ಆಕಾರಾಂತ, ಉತ್ತರಪದ ಎಕಾರಾಂತ. ಭೇದವು ಕೆಲಸ ಮಾಡುವುದು ಪದವು ಸ್ವತಂತ್ರವಾಗಿ ನಿಂತಾಗ.

5. ವಿಭಕ್ತಿಯ ಸಾಕ್ಷ್ಯ

ಈ ಹಂಚಿಕೆಯ ಪ್ರಯೋಜನ ವಿಭಕ್ತಿರೂಪಗಳಲ್ಲಿ ಸ್ಪಷ್ಟವಾಗುತ್ತದೆ. ಎಕಾರಾಂತ ಪದವು ಮನುಷ್ಯವಾಚಕವಾದರೂ ವಸ್ತುವಾಚಕವಾದರೂ ಒಂದೇ ಬಗೆಯಾಗಿ ವಿಭಕ್ತಿಪ್ರತ್ಯಯ ಪಡೆಯುತ್ತದೆ: ಸೀತೆಯನ್ನು, ಸೀತೆಗೆ, ಮಾಲೆಯನ್ನು, ಮಾಲೆಗೆ. ಆಕಾರಾಂತ ಹೆಸರು ಬರೆಹದ ಕನ್ನಡದಲ್ಲಿ ಳಕಾರವನ್ನು ಪಡೆಯುತ್ತದೆ: ಮಲ್ಲಿಕಾಳನ್ನು, ಮಲ್ಲಿಕಾಳಿಗೆ, ಮಲ್ಲಿಕಾಳ. ಇದು ಅವಳಿಗೆ, ಮಗಳಿಗೆ ಎಂಬ ಸ್ತ್ರೀಲಿಂಗ ರೂಪಗಳ ಮಾದರಿ. ಹೀಗೆ ಅಂತ್ಯಸ್ವರದ ಆಯ್ಕೆಯು ಪದವನ್ನು ನಪುಂಸಕದಿಂದ ಬೇರ್ಪಡಿಸಿ ಮಾನವ ಸ್ತ್ರೀವರ್ಗಕ್ಕೆ ಸೇರಿಸುತ್ತದೆ.

'ಮಲ್ಲಿಗೆ'ಗೆ ಇನ್ನೂ ಒಂದು ತೊಡಕಿದೆ. 'ಮಲ್ಲಿ' ಎಂಬ ಮುದ್ದಿನ ಹೆಸರಿನ ಚತುರ್ಥೀರೂಪವೂ 'ಮಲ್ಲಿಗೆ'ಯೇ. ಆದ್ದರಿಂದ 'ಮಲ್ಲಿಗೆ ಹೂ ಕೊಡು' ಎಂಬ ವಾಕ್ಯಕ್ಕೆ ಮಲ್ಲಿಗೆಯ ಹೂವನ್ನು ಕೊಡು ಎಂದೂ, ಮಲ್ಲಿ ಎಂಬವಳಿಗೆ ಹೂ ಕೊಡು ಎಂದೂ ಎರಡು ಅರ್ಥಗಳಿವೆ. 'ಮಲ್ಲಿಗೆ'ಯೇ ಹೆಸರಾದರೆ ಅದರ ಪ್ರಥಮಾರೂಪವು ಇನ್ನೊಂದು ಹೆಸರಿನ ಚತುರ್ಥಿಯಂತೆ ಕೇಳಿಸುತ್ತದೆ. ಅದರದೇ ಚತುರ್ಥಿ 'ಮಲ್ಲಿಗೆಗೆ' ಎಂದು ಉಚ್ಚಾರಕ್ಕೂ ತೊಡಕಾಗುತ್ತದೆ.

ಅಕಾರಾಂತ ಪದಗಳು ಈ ವಿವರಣೆಯನ್ನು ಬಲಪಡಿಸುತ್ತವೆ. ಪುಷ್ಪ, ಕಮಲ, ಕುಸುಮ ಇವು ಹೂವಿನ ಹೆಸರುಗಳೂ ಹೌದು, ಹೆಣ್ಣಿನ ಹೆಸರುಗಳೂ ಹೌದು. ಹೆಸರಾದಾಗ ಬರೆಹದಲ್ಲಿ ಪುಷ್ಪ–ಪುಷ್ಪಾ ಎಂಬ ಓಲಾಟವಿದೆ. ಆದರೆ ವಿಭಕ್ತಿಯಲ್ಲಿ ಓಲಾಟವಿಲ್ಲ: ಹೂವಾದರೆ 'ಪುಷ್ಪಕ್ಕೆ', ಹುಡುಗಿಯಾದರೆ 'ಪುಷ್ಪಳಿಗೆ' ಅಥವಾ 'ಪುಷ್ಪಾಗೆ'. ಇಲ್ಲಿ ವಿಭಕ್ತಿಯೇ ಲಿಂಗವನ್ನು ತೋರುವುದರಿಂದ ಅಂತ್ಯಸ್ವರ ಸಡಿಲವಾಗಿದ್ದರೂ ನಷ್ಟವಿಲ್ಲ. ಎಕಾರಾಂತದಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ ಅಂತ್ಯಸ್ವರವೇ ಆ ಹೊಣೆ ಹೊರಬೇಕು.

6. ಒಂದು ಆಕ್ಷೇಪ

'ತುಳಸಿ', 'ಮಾಲತಿ' ಮೊದಲಾದ ಇಕಾರಾಂತ ಪದಗಳಲ್ಲಿ ಗಿಡಕ್ಕೂ ಹುಡುಗಿಗೂ ಒಂದೇ ರೂಪ, ಒಂದೇ ವಿಭಕ್ತಿ: 'ತುಳಸಿಗೆ ನೀರು ಕೊಟ್ಟರು'. ಇಲ್ಲಿ ಭೇದವಿಲ್ಲದೆಯೂ ಭಾಷೆ ನಡೆಯುತ್ತಿರುವಾಗ 'ಮಲ್ಲಿಗೆ'ಯಲ್ಲಿ ಅದೇಕೆ ಬೇಕು ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದು. ಅದು ವಾದವನ್ನು ಕೆಡವುವುದಿಲ್ಲ, ಆದರೆ ಅದರ ವ್ಯಾಪ್ತಿಯನ್ನು ನಿಖರಗೊಳಿಸುತ್ತದೆ. ವ್ಯಕ್ತಿಯನ್ನು ವಸ್ತುವಿನಿಂದ ರೂಪದಲ್ಲಿ ಬೇರ್ಪಡಿಸುವುದು ಕನ್ನಡಕ್ಕೆ ಅನಿವಾರ್ಯವಲ್ಲ. 'ಚಿಗುರಿತು', 'ಬಂದಳು' ಎಂಬ ಕ್ರಿಯಾಪದಗಳು ಆ ಕೆಲಸವನ್ನು ಮಾಡಬಲ್ಲವು. ಇಕಾರಾಂತಗಳಿಗೆ ಎರಡನೆಯ ರೂಪ ದೊರೆಯಲಿಲ್ಲ, ಭೇದ ಹುಟ್ಟಲಿಲ್ಲ. ಆಕಾರಾಂತ ಸಂಸ್ಕೃತ ಪದಗಳಿಗೆ ತದ್ಭವ, ತತ್ಸಮ ಎಂಬ ಎರಡು ರೂಪಗಳು ಮೊದಲೇ ಸಿದ್ಧವಾಗಿದ್ದವು. ಭಾಷೆ ಅವನ್ನು ಬಳಸಿಕೊಂಡಿತು. ಹೊರಗಿನಿಂದ ಬಂದ ಪ್ರಭಾವ ರೂಪವನ್ನು ಒದಗಿಸಿತು; ಅದಕ್ಕೆ ಕೆಲಸವನ್ನು ಗೊತ್ತುಮಾಡಿದ್ದು ಕನ್ನಡದ ವ್ಯಾಕರಣ.

7. ಉಪಸಂಹಾರ

ಅಂಕಿತನಾಮಗಳನ್ನು ಸಂಸ್ಕೃತಿಯ ಕುರುಹುಗಳಾಗಿ ಮಾತ್ರ ಓದಿದರೆ ಅವುಗಳ ವ್ಯಾಕರಣ ಕಣ್ತಪ್ಪುತ್ತದೆ. ಕನ್ನಡಿಗರು 'ಮಲ್ಲಿಗೆ'ಯನ್ನು ಬಿಟ್ಟು 'ಮಲ್ಲಿಕಾ' ಎಂದು ಮಗುವಿಗೆ ಹೆಸರಿಡುವುದನ್ನು ಕನ್ನಡದ ಬಗೆಗಿನ ಕೀಳರಿಮೆಯೆಂದು ತೀರ್ಮಾನಿಸುವ ಮುನ್ನ, ಆ ತದ್ಭವವನ್ನು ಹೂವಿಗೆ ಕಾಯ್ದಿರಿಸಿದ್ದು ಕನ್ನಡದ ನಾಮವ್ಯವಸ್ಥೆಯೇ ಎಂಬುದನ್ನು ಗಮನಿಸಬೇಕು. ಅಚ್ಚಗನ್ನಡದ ಹೆಸರುಗಳತ್ತ ಒಲವುಳ್ಳ ಇಂದಿನ ತಂದೆತಾಯಿಗಳಲ್ಲಿ 'ಇಂಚರ'ದಂಥ ಅಕಾರಾಂತ ಹೆಸರು ಸುಲಭವಾಗಿ ನೆಲೆಯೂರಿರುವುದು ಈ ವಿವರಣೆಗೆ ಹೊಂದುತ್ತದೆ. 'ಇಂಚರಳಿಗೆ' ಎಂಬ ರೂಪ ತಾನಾಗಿ ಬರುತ್ತದೆ. ಮುಂದೆ 'ಮಲ್ಲಿಗೆ', 'ಸಂಪಿಗೆ', 'ತಾವರೆ' ಎಂಬ ಹೆಸರಿನ ಹೆಣ್ಣುಮಕ್ಕಳು ಹೆಚ್ಚಿದರೆ ಸಂಶೋಧಕರು ಕಿವಿಗೊಡಬೇಕಾದದ್ದು ಅವರ ಹೆಸರಿನ ಚತುರ್ಥಿಗೆ. ಅವರ ಮನೆಯವರು 'ತಾವರೆಗೆ' ಎಂದೇ ಹೇಳುತ್ತಾರೆಯೋ, ಳಕಾರವನ್ನು ಸೇರಿಸಿ 'ತಾವರೆಳಿಗೆ' ಎಂಬ ಹೊಸ ರೂಪವನ್ನು ಕಟ್ಟುತ್ತಾರೆಯೋ ಎಂಬುದರಿಂದ ಇಲ್ಲಿ ಮಂಡಿಸಿದ ವಾದದ ಸತ್ವಪರೀಕ್ಷೆಯಾಗುತ್ತದೆ.