ಊರು ಬಿಟ್ಟರೂ ಉಳಿದ ಮಾತು

ಮಳೆ ಬರಲಿ, ಮಗ ಪಾಸಾಗಲಿ ಅಂತ ಹಾರೈಸುವಾಗ ಸ್ಪೇನಿನವರು ‘ಓಹಲಾ’ ಅನ್ನುತ್ತಾರೆ. ನಾವು ಮಾತುಮಾತಿಗೆ ಹೇಳುವ ‘ಇನ್‌ಶಾ ಅಲ್ಲಾಹ್’ಗೆ ಇದು ಹತ್ತಿರದ ನೆಂಟ. ಮೂಲ, ಅಂದಲೂಸಿನ ಅರಬಿಯ ‘ಲೌ ಶಾ ಅಲ್ಲಾಹ್’, ಅಂದರೆ ಅಲ್ಲಾಹನು ಬಯಸಿದರೆ. ಹಳೆಯ ಸ್ಪ್ಯಾನಿಷ್‌ನಲ್ಲಿ ಅದು ‘ಓಶಲಾ’. ಪೋರ್ಚುಗೀಸರ ಬಾಯಲ್ಲಿ ಈಗಲೂ ಹಾಗೆಯೇ ಇದೆ.

ಅರಬಿ ಭಾಷೆ 711ರಲ್ಲಿ ಸ್ಪೇನಿಗೆ ಕಾಲಿಟ್ಟಿತು. 1492ರಲ್ಲಿ ಗ್ರಾನಡಾ ಮುಸ್ಲಿಮರ ಕೈತಪ್ಪಿತು. 1567ರಲ್ಲಿ ಅಲ್ಲಿ ಅರಬಿ ಮಾತನಾಡುವುದನ್ನೇ ನಿಷೇಧಿಸಿದರು. 1609ರಿಂದ, ಬಲವಂತದಿಂದ ಮತಾಂತರಗೊಂಡಿದ್ದ ಮುಸ್ಲಿಮರ ಮಕ್ಕಳು ಮೊಮ್ಮಕ್ಕಳನ್ನೂ ಹಡಗು ಹತ್ತಿಸಿ ಹೊರಹಾಕಿದರು. ಆದರೆ ಈ ಒಂದು ಮಾತು, ಹೊರಹಾಕಿದವರ ನಾಲಿಗೆಯಲ್ಲೇ ಉಳಿದುಬಿಟ್ಟಿತ್ತು.

ಅರ್ಥ ಗೊತ್ತಿಲ್ಲದೆಯೇ ಅಲ್ಲಿ ಎಷ್ಟೋ ಮಂದಿ ಅದನ್ನು ಹೇಳುತ್ತಾರೆ. ನಾವಾದರೂ ಅರ್ಥ ತಿಳಿದು ಹೇಳೋಣ, ಕೆಲಸ ಮುಂದೂಡುವುದಕ್ಕಲ್ಲ.