ಈ ಮಾತ್ರೆ ಬಿಡೋಕೆ ನಿಮ್ಮ ಹತ್ರ ಮದ್ದಿದೆಯಾ?

ನನ್ನ ದವಾಖಾನೆ ಇರುವುದು ವಿಜಯನಗರದಲ್ಲಿ. ಬಸವೇಶ್ವರನಗರದ ಸರ್ಕಾರಿ ಯುನಾನಿ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಿಂದಲೂ ಮಾಗಡಿ ರಸ್ತೆಯಲ್ಲಿ ಓಡಾಡುತ್ತಿದ್ದೇನೆ. ಸುಮನಹಳ್ಳಿ ಎಂದರೆ ಈಗಿನವರಿಗೆ ಮೇಲ್ಸೇತುವೆ ಮತ್ತು ಟ್ರಾಫಿಕ್ ಜಾಮ್. 1978ರಲ್ಲಿ ಕುಷ್ಠರೋಗಿಗಳ ಪುನರ್ವಸತಿಗೆಂದು ಕ್ರೈಸ್ತ ಮಿಷನರಿಗಳು ಅಲ್ಲಿ ಕೇಂದ್ರ ಶುರುಮಾಡಿದ್ದು ಹಳಬರಿಗಷ್ಟೇ ನೆನಪಿದೆ.

ಅದೇ ರಸ್ತೆಯ ಕಡೆ, ಬೇರೊಂದು ಕ್ರೈಸ್ತ ಸಂಸ್ಥೆ ನಡೆಸುವ ಮಕ್ಕಳ ಮನೆಗೆ ಕಳೆದ ತಿಂಗಳ ಒಂದು ಭಾನುವಾರ ಸೇವೆಗೆಂದು ಹೋಗಿದ್ದೆ. ಅಲ್ಲಿನ ಮಕ್ಕಳಿಗೆಲ್ಲ ತಾಯಿಯಿಂದ ಎಚ್.ಐ.ವಿ. ಬಂದಿದೆ. ಮನೆಯ ಹೆಸರು ಬರೆಯುವುದಿಲ್ಲ. ಅವರೆಲ್ಲ ಅಕ್ಕಪಕ್ಕದ ಶಾಲೆಗಳಿಗೆ ಹೋಗುವ ಮಕ್ಕಳು. ಮನೆಯ ಹೆಸರು ಹೇಳಿದರೆ ಅವರ ಗುಟ್ಟು ಹೇಳಿದಂತೆ. ಒಪ್ಪಿಗೆಯಿಲ್ಲದೆ ಯಾರದೇ ಎಚ್.ಐ.ವಿ. ಸ್ಥಿತಿ ಬಯಲು ಮಾಡಬಾರದೆಂದು 2017ರ ಕಾಯ್ದೆಯೂ ಹೇಳುತ್ತದೆ.

ಬರಿಗೈಯಲ್ಲಿ ಹೋಗುವುದು ಹೇಗೆಂದು ಬ್ಯಾಗಿನ ತುಂಬ ಶರ್ಬತೆ ಫೌಲಾದ್, ಖಮೀರಾ ಮರ್ವಾರೀದ್ ಒಯ್ದಿದ್ದೆ. ಬಡಕಲು ಮಕ್ಕಳಿಗೆ ಶಕ್ತಿ ಬರಲಿ ಎಂಬ ಆಸೆ. ಬಾಗಿಲಲ್ಲೇ ಸಿಸ್ಟರ್ ಲೇಬಲ್‌ಗಳನ್ನು ಓದಿದರು. ಮಂಗಳೂರು ಕಡೆಯವರು; ತಾಂಜಾನಿಯಾದ ಹಳ್ಳಿಯೊಂದರಲ್ಲಿ ಇಂಥದೇ ಮಕ್ಕಳ ನಡುವೆ ಬಹಳ ವರ್ಷ ಕಳೆದವರು. "ಡಾಕ್ಟ್ರೇ, ಇದರಲ್ಲಿ ಕಬ್ಬಿಣ ಇದೆ, ಇದರಲ್ಲಿ ಮುತ್ತು ಇದೆ. ಬ್ಯಾಗು ಆಫೀಸಿನಲ್ಲೇ ಇರಲಿ," ಎಂದರು.

ನನಗೆ ಮುಖ ಕೆಂಪಾಯಿತು. ಆದರೆ ಅವರು ಹೇಳಿದ್ದು ಸರಿ. ಈಗ ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಹೆಚ್ಚಾಗಿ ಕೊಡುವ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧವಿದೆ. ಕಬ್ಬಿಣ, ಕ್ಯಾಲ್ಸಿಯಂಗಳನ್ನು ಅದರ ಜೊತೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಅವು ಔಷಧವನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತವೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಅಂಥ ಟಾನಿಕ್ಕಿಗೆ 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ಮಾತ್ರೆ ನುಂಗಬೇಕು. ಮುತ್ತು ಎಂದರೆ ಕ್ಯಾಲ್ಸಿಯಂ, ಫೌಲಾದ್ ಎಂದರೆ ಕಬ್ಬಿಣ. ಇದನ್ನು ಓದಿದ್ದೆ, ನನ್ನ ಬ್ಯಾಗಿಗೂ ಅನ್ವಯಿಸುತ್ತದೆಂದು ಯೋಚಿಸಿರಲಿಲ್ಲ.

ಹಾಗಾದರೆ ನನಗೇನು ಕೆಲಸ? ಉಗುರು ಕತ್ತರಿಸುವುದು, ಹೇನು ನೋಡುವುದು, ಹಲ್ಲು ನೋಡುವುದು. ಹುಡುಗರ ಕೋಣೆಯಲ್ಲಿ ಮೂವರ ಬೆರಳ ಸಂದುಗಳಲ್ಲಿ ಕಜ್ಜಿ ಕಂಡಿತು. ನಮ್ಮ ಪದ್ಧತಿಯಲ್ಲಿ ಇದಕ್ಕೆ ಜರಬ್ ಎನ್ನುತ್ತೇವೆ, ಗಂಧಕದ ಮುಲಾಮು ಹಚ್ಚುತ್ತೇವೆ. ಅಲ್ಲಿಗೆ ಬರುವ ಮಕ್ಕಳ ವೈದ್ಯರಿಗೆ ಫೋನ್ ಮಾಡಿದಾಗ ಅವರು ಪರ್ಮೆಥ್ರಿನ್ ಕ್ರೀಮ್ ಸಾಕೆಂದರು, ನಾನೂ ಒಪ್ಪಿದೆ. ಯಾವುದನ್ನೇ ಹಚ್ಚಲಿ, ನಮ್ಮ ಮನೆಗಳಲ್ಲಿ ಆಗುವ ತಪ್ಪು ಒಂದೇ: ತುರಿಸಿಕೊಳ್ಳುವ ಮಗುವಿಗೆ ಮಾತ್ರ, ತುರಿಸುವ ಜಾಗಕ್ಕೆ ಮಾತ್ರ ಹಚ್ಚುತ್ತೇವೆ. ಕೋಣೆಯಲ್ಲಿ ಮಲಗುವ ಎಲ್ಲರಿಗೂ ಒಂದೇ ರಾತ್ರಿ, ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಬೇಕು. ವಾರದ ನಂತರ ಇನ್ನೊಮ್ಮೆ. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯಬಹುದು, ಅದಕ್ಕೆ ಹೆದರಿ ಕ್ರೀಮನ್ನು ದಿನಾ ಬಳಿಯಬೇಡಿ.

ಹಿತ್ತಲಲ್ಲಿ ಸಿಸ್ಟರ್ ಆಫ್ರಿಕಾದಿಂದ ಕಲಿತು ಬಂದ ಒಂದು ಉಪಾಯವಿತ್ತು. ಐದು ಲೀಟರಿನ ಎಣ್ಣೆ ಕ್ಯಾನನ್ನು ಅಡ್ಡಕೋಲಿಗೆ ತೂಗುಹಾಕಿ, ಬಾಯಿಯ ಹತ್ತಿರ ಸಣ್ಣ ತೂತು ಕೊರೆದು, ಅಲ್ಲಿಂದ ಹಗ್ಗವನ್ನು ನೆಲದ ಕೋಲಿಗೆ ಕಟ್ಟಿದ್ದಾರೆ. ಕಾಲಲ್ಲಿ ಕೋಲು ಅದುಮಿದರೆ ಕ್ಯಾನ್ ಬಾಗಿ ನೀರು ಬರುತ್ತದೆ. ಕೊಳೆ ಕೈ ಯಾವುದನ್ನೂ ಮುಟ್ಟುವುದಿಲ್ಲ. ಪಕ್ಕದಲ್ಲಿ ದಾರಕ್ಕೆ ಸಾಬೂನು. ದಿನಕ್ಕೆ ಐದು ಬಾರಿ ವುಝೂ ಮಾಡುವ ನಾವು ಶೌಚದ ನಂತರ ಎಷ್ಟು ಸಲ ಸಾಬೂನು ಹಿಡಿಯುತ್ತೇವೆ ಎಂದು ನನ್ನನ್ನೇ ಕೇಳಿಕೊಂಡೆ.

ಊಟದ ನಂತರ ಹದಿಮೂರರ ಹುಡುಗನೊಬ್ಬ ಪಕ್ಕಕ್ಕೆ ಬಂದು ಕೂತ.

"ಅಂಕಲ್, ನೀವು ಬೇರಿನ ಔಷಧಿ ಡಾಕ್ಟರಾ? ಈ ಮಾತ್ರೆ ಬಿಡೋಕೆ ನಿಮ್ಮ ಹತ್ರ ಮದ್ದಿದೆಯಾ? ಮೊಬೈಲಲ್ಲಿ ತೋರಿಸ್ತಾರೆ."

"ಇಲ್ಲ ಮಗಾ."

"ಯಾವ ಹಕೀಮರ ಹತ್ರಾನೂ ಇಲ್ವಾ?"

"ಯಾರ ಹತ್ರಾನೂ ಇಲ್ಲ."

ಇಷ್ಟು ಹೇಳಲು ನನಗೆ ಕಷ್ಟವಾಯಿತು. ರೋಗ ವಾಸಿಮಾಡುವುದು ದೇಹದೊಳಗಿನ ತಬೀಅತ್, ಹಕೀಮ ಅದರ ಸಹಾಯಕ ಮಾತ್ರ ಎಂದು ನಮಗೆ ಮೊದಲ ವರ್ಷವೇ ಕಲಿಸುತ್ತಾರೆ. ಈ ವೈರಾಣು ತಿನ್ನುವುದು ಆ ತಬೀಅತ್ ಕಾದಾಡಲು ಬಳಸುವ ರಕ್ತಕಣಗಳನ್ನೇ. ಮಾತ್ರೆ ಅದನ್ನು ಕಟ್ಟಿಹಾಕುತ್ತದೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಅದು ಮತ್ತೆ ಹೆಚ್ಚುತ್ತದೆ. ಆಗಾಗ ತಪ್ಪಿಸುತ್ತಿದ್ದರೆ ಔಷಧಕ್ಕೇ ಬಗ್ಗದಂತಾಗಬಹುದು. ಹುಡುಗನಿಗೆ ಇದನ್ನು ಅವನ ಮಾತಿನಲ್ಲಿ ಹೇಳಿದೆ. "ಶುಗರ್ ಇರೋರ ಥರ, ದಿನಾನಾ?" ಎಂದ. ಹೌದೆಂದೆ. ಮದುವೆಯಾಗಬಹುದಾ ಎಂದು ಕೇಳಿ ತಾನೇ ನಾಚಿದ. ಆಗಬಹುದು, ರಕ್ತಪರೀಕ್ಷೆಯಲ್ಲಿ ಕಾಣದಷ್ಟು ವೈರಾಣು ಇಳಿದು ಹಾಗೆಯೇ ಉಳಿದರೆ ಹೆಂಡತಿಗೂ ಹರಡುವುದಿಲ್ಲ.

ಹಿಂದೊಮ್ಮೆ ನನ್ನ ದವಾಖಾನೆಗೆ ಸುಸ್ತೆಂದು ಬಂದ ಹೆಂಗಸೊಬ್ಬರಿಗೆ, ಬೇರೇನು ಮಾತ್ರೆ ನುಂಗುತ್ತೀರಿ ಎಂದು ಕೇಳದೆ ಫೌಲಾದ್ ಬರೆದುಕೊಟ್ಟಿದ್ದೆ. ಆಕೆ ಎ.ಆರ್.ಟಿ.ಯಲ್ಲಿದ್ದರೆಂದು ತಿಂಗಳುಗಳ ಮೇಲೆ ತಿಳಿಯಿತು. ಆಕೆ ನಾಚಿಕೆಯಿಂದ ಹೇಳಿರಲಿಲ್ಲ, ಕೇಳಬೇಕಾದವನು ನಾನು. ಓದುಗರೇ, ಯಾವ ಹಕೀಮರ ಬಳಿ ಹೋದರೂ ನುಂಗುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಮನೆಯಲ್ಲಿ ಬಸುರಿಯಿದ್ದರೆ ಎಚ್.ಐ.ವಿ. ಪರೀಕ್ಷೆ ಬೇಡವೆನ್ನಬೇಡಿ. ಸೋಂಕಿರುವ ತಾಯಿಗೆ ಔಷಧ ಸಿಗದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಅದು ಹೋಗುತ್ತದೆ, ಸಕಾಲಕ್ಕೆ ಸಿಕ್ಕರೆ 5ಕ್ಕಿಂತ ಕಡಿಮೆ. 2004ರಿಂದ ಸರ್ಕಾರ ಈ ಔಷಧವನ್ನು ಉಚಿತವಾಗಿ ಕೊಡುತ್ತಿದೆ.

ಸಂಜೆ ಬ್ಯಾಗು ಹಾಗೇ ವಾಪಸ್ ತಂದೆ. ಮುಂದಿನ ಭಾನುವಾರ ಕಜ್ಜಿಯ ಹುಡುಗರಿಗೆ ಎರಡನೇ ಸಲ ಕ್ರೀಮ್ ಹಚ್ಚಬೇಕಿತ್ತು, ಹೋಗಿದ್ದೆ. ಈ ಸಲ ಉಗುರು ಕತ್ತರಿ, ಹೇನಿನ ಬಾಚಣಿಗೆ, ಒಂದು ಡಜನ್ ಸಾಬೂನು ಮಾತ್ರ ಒಯ್ದಿದ್ದೆ.